ಬೋರ್ಡ್ ಬರೆಸುವ ಮುಂಚೆ: ಸಣ್ಣ ವ್ಯಾಪಾರದ ಹೆಸರು ನೋಂದಾಯಿಸಲು ಸಮಗ್ರ ಮಾರ್ಗದರ್ಶಿ

ಕೊಪ್ಪಳದಲ್ಲಿರುವ ನಮ್ಮ ಚಿಗವ್ವ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಎರಡು ಒಲೆ, ಮೂವರು ಹೆಂಗಸರು, ಮನೆ ಮುಂದೆ ಒಂದು ಬೋರ್ಡು: 'ಶ್ರೀ ಹುಲಿಗೆಮ್ಮ ರೊಟ್ಟಿ ಕೇಂದ್ರ'. ಅದೇ ಹೆಸರಿನಲ್ಲಿ ಐದು ಸಾವಿರ ಪ್ಲಾಸ್ಟಿಕ್ ಕವರ್ ಪ್ರಿಂಟ್ ಮಾಡಿಸಿದ್ದಳು. ಒಂದು ಮದುವೆಯ ಅಡುಗೆ ಗುತ್ತಿಗೆದಾರರು ಬಾಕಿ ತೀರಿಸಲು ಚೆಕ್ ಕೊಟ್ಟರು. ಕವರಿನ ಮೇಲಿದ್ದ ಹೆಸರನ್ನೇ ನೋಡಿ ಚೆಕ್ ಬರೆದಿದ್ದರು. ಬ್ಯಾಂಕಿನವರು ಅದನ್ನು ವಾಪಸ್ ಕೊಟ್ಟು, "ಈ ಹೆಸರಿನ ಖಾತೆ ಇಲ್ಲಮ್ಮ" ಅಂದರು. ಚಿಗವ್ವ ಬಳ್ಳಾರಿಗೆ, ನನಗೆ ಫೋನ್ ಮಾಡಿದಳು. "ಹೆಸರು ನಂದು, ರೊಟ್ಟಿ ನಂದು, ರೊಕ್ಕ ಯಾಕ ಕೊಡವಲ್ರು?"

ನಾನು ಬಳ್ಳಾರಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ತುಂಬಿ ಹೊಟ್ಟೆ ಹೊರೆಯುವವನು. ಇಂಥ ಫೋನು ನನಗೆ ಹೊಸದಲ್ಲ. ಹೆಸರು ಬೋರ್ಡಿನ ಮೇಲೆ ಇರುತ್ತದೆ, ಯಾವ ಕಾಗದದಲ್ಲೂ ಇರುವುದಿಲ್ಲ. ಚಿಗವ್ವನ ಕೆಲಸ ಮುಗಿಸುವಾಗ ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ, ಎಲ್ಲಿದ್ದರೂ ದಾರಿ ಇದೇ.

ಮೊದಲು ಒಂದು ಗೊಂದಲ ಬಿಡಿಸೋಣ

"ಅಂಗಡಿ ಹೆಸರು ರಿಜಿಸ್ಟರ್ ಮಾಡ್ಸಬೇಕ್ರಿ" ಎಂದು ಬರುವವರೆಲ್ಲ ಎಲ್ಲೋ ಒಂದು ಆಫೀಸು, ಒಂದು ಕಿಟಕಿ, ಒಂದು ಸರ್ಟಿಫಿಕೇಟು ಇದೆ ಎಂದುಕೊಂಡಿರುತ್ತಾರೆ. ಒಬ್ಬನೇ ಮಾಲೀಕನಿರುವ ವ್ಯಾಪಾರಕ್ಕೆ, ಅಂದರೆ ಪ್ರೊಪ್ರೈಟರ್‌ಶಿಪ್‌ಗೆ, ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ನೋಂದಣಿ ಪುಸ್ತಕವೇ ಇಲ್ಲ. ಹೆಸರು ಬೇರೆ ಬೇರೆ ಕಾಗದಗಳ ಮೂಲಕ ಹುಟ್ಟುತ್ತದೆ: ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆಗಳ ನೋಂದಣಿಯಾದ 'ಉದ್ಯಮ್', ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಪಾಲಿಕೆ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ. ಇವೆಲ್ಲ ಹೇಳುವುದು ಒಂದೇ ಮಾತು: ಇಂಥ ವ್ಯಕ್ತಿ ಇಂಥ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದಾನೆ. ಆ ಹೆಸರು ಇವನೊಬ್ಬನದೇ ಎಂದು ಇವು ಯಾವುವೂ ಹೇಳುವುದಿಲ್ಲ. ನಿಮ್ಮ ಎದುರಿನ ಅಂಗಡಿಯವರೂ ಅದೇ ಹೆಸರಿನಲ್ಲಿ ಜಿಎಸ್‌ಟಿ ತೆಗೆದುಕೊಳ್ಳಬಹುದು, ಯಾರೂ ತಡೆಯುವುದಿಲ್ಲ.

ಹೆಸರಿನ ಮೇಲೆ ಹಕ್ಕು ಕೊಡುವ ನೋಂದಣಿ ಎಂದರೆ 1999ರ ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಗುರುತಿನ, ಕಾಯ್ದೆಯ ಅಡಿಯದು ಮಾತ್ರ. ಅದರ ದಾರಿ ಬೇರೆ, ಶುಲ್ಕ ಬೇರೆ, ಕಾಯುವ ಕಾಲವೂ ಬೇರೆ. ಹಾಗಾಗಿ ಕೆಲಸ ಎರಡು. ಒಂದು, ಹೆಸರಿಗೆ ಕಾಗದ ಹುಟ್ಟಿಸುವುದು. ಇನ್ನೊಂದು, ಹೆಸರನ್ನು ಕಾಯ್ದುಕೊಳ್ಳುವುದು. ಬಹಳ ಜನ ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಎಂದು ನಿಶ್ಚಿಂತೆಯಿಂದ ಕೂರುತ್ತಾರೆ.

ಹೆಜ್ಜೆ 1: ಕಾಯ್ದುಕೊಳ್ಳಲು ಬರುವಂಥ ಹೆಸರು ಆರಿಸಿ

ನಮ್ಮ ಕಡೆ ಹೆಸರಿಡುವುದು ದೇವರ ಮೇಲೆ ಭಾರ ಹಾಕಿ. ಕೊಪ್ಪಳದಲ್ಲಿ ಹುಲಿಗೆಮ್ಮ, ಗವಿಸಿದ್ಧೇಶ್ವರ. ಬಳ್ಳಾರಿಯಲ್ಲಿ ಕನಕ ದುರ್ಗಮ್ಮ. ಮಂತ್ರಾಲಯ ಹತ್ತಿರವಿರುವ ರಾಯಚೂರಿನಲ್ಲಿ ರಾಘವೇಂದ್ರ. ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಒಂದು ಸುತ್ತು ಹಾಕಿ ಬನ್ನಿ: ಅದೇ ಹೆಸರಿನ ಕಿರಾಣಿ, ಮೆಡಿಕಲ್ಸ್, ವೆಲ್ಡಿಂಗ್ ಶಾಪು, ಖಾನಾವಳಿ ಎಲ್ಲ ಸಿಗುತ್ತವೆ. ಇಷ್ಟು ಜನ ಬಳಸುವ ಹೆಸರನ್ನು ಒಬ್ಬರಿಗೆ ಬರೆದುಕೊಡಲು ಕಾನೂನು ಹಿಂಜರಿಯುತ್ತದೆ. 2015ರಲ್ಲಿ ಅಗರಬತ್ತಿಯೊಂದರ ಮೇಲಿನ 'ರಾಮಾಯಣ' ಎಂಬ ಹೆಸರಿನ ಪ್ರಕರಣದಲ್ಲಿ, ಧರ್ಮಗ್ರಂಥದ ಹೆಸರನ್ನು ಸರಕಿನ ಗುರುತಾಗಿ ಒಬ್ಬರೇ ಹಕ್ಕು ಮಾಡಿಕೊಳ್ಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಊರಿನ ಹೆಸರಿನದೂ ಅದೇ ಕಥೆ. 'ಬಳ್ಳಾರಿ ಜೀನ್ಸ್', 'ಗಂಗಾವತಿ ಸೋನಾ ಮಸೂರಿ' ಎಂಬುವು ಸರಕು ಎಲ್ಲಿಯದು ಎಂದು ಹೇಳುತ್ತವೆ, ಯಾರದು ಎಂದು ಹೇಳುವುದಿಲ್ಲ. ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕಿನ ಬಗೆ, ಗುಣ, ಊರು ಇವನ್ನಷ್ಟೇ ಸೂಚಿಸುವ ಪದಗಳನ್ನು ಟ್ರೇಡ್‌ಮಾರ್ಕ್ ಮಾಡಿ ಕೊಡುವುದಿಲ್ಲ. ಬಹಳ ಕಾಲದ ಬಳಕೆಯಿಂದ ಅದು ನಿಮ್ಮದೇ ಗುರುತಾಗಿದೆ ಎಂದು ತೋರಿಸಿದರೆ ಮಾತ್ರ ಬೇರೆ ಮಾತು. 'ಖಡಕ್ ರೊಟ್ಟಿ' ಎಂಬುದೂ ಇದೇ ಗುಂಪಿನದು. ರೊಟ್ಟಿ ಖಡಕ್ಕಾಗಿದೆ ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ.

ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ ಮಾಡುವವರಿಗೆ ಇನ್ನೊಂದು ಮಾತು. ಇವೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರು ಅಲ್ಲಿನ ಕುಶಲಕರ್ಮಿಗಳ ಒಟ್ಟು ಆಸ್ತಿ. ನೀವು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಅದನ್ನು ಬಳಸಬಹುದು. ಸ್ವಂತದ ಗುರುತು ಬೇಕೆಂದರೆ ಅದರ ಪಕ್ಕಕ್ಕೆ ಬೇರೆ ಹೆಸರು ಹುಡುಕಿಕೊಳ್ಳಬೇಕು.

ಕೆಲವು ಹೆಸರುಗಳನ್ನು ಮುಟ್ಟಲೇಬಾರದು. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ಮಹಾತ್ಮ ಗಾಂಧಿ, ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಮತ್ತು ಚಿತ್ರ, ಅಶೋಕ ಚಕ್ರ ಮೊದಲಾದವನ್ನು ವ್ಯಾಪಾರಕ್ಕೆ ಬಳಸದಂತೆ ತಡೆದಿದೆ. ಪಾಲುದಾರಿಕೆ ಮಾಡುವವರಿಗೆ ಇನ್ನೊಂದು ತಮಾಷೆಯ ಅಡ್ಡಿ ಇದೆ. 1932ರ ಪಾಲುದಾರಿಕೆ ಕಾಯ್ದೆ ಬ್ರಿಟಿಷರ ಕಾಲದ್ದು. ಅದರ 58ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ಹೆಸರಿನಲ್ಲಿ 'ಕಿಂಗ್', 'ಕ್ವೀನ್', 'ಎಂಪೈರ್', 'ಇಂಪೀರಿಯಲ್', 'ರಾಯಲ್' ಎಂಬ ಪದಗಳು ಇರಕೂಡದು. ಇರಬೇಕೆಂದರೆ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ರಾಯಲ್ ಸರ್ಕಲ್ ಇರುವ ನಮ್ಮ ಬಳ್ಳಾರಿಯಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಪ್ರೊಪ್ರೈಟರ್ ಅಂಗಡಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ, ನಿಶ್ಚಿಂತೆಯಿಂದಿರಿ.

ಹಾಗಾದರೆ ಎಂಥ ಹೆಸರು ಒಳ್ಳೆಯದು? ಸರಕಿಗೂ ಪದಕ್ಕೂ ನೇರ ಸಂಬಂಧ ಇಲ್ಲದಿರಲಿ, ಆದರೆ ಹಳ್ಳಿಯ ಅಜ್ಜಿಗೂ ಬಾಯಿಗೆ ಹತ್ತಲಿ. ಚಿಗವ್ವನಿಗೆ ಹುಲಿಗೆಮ್ಮನನ್ನು ಬಿಡಲು ಮನಸ್ಸಿರಲಿಲ್ಲ. "ಅವ್ವನ ಫೋಟೊ ಒಲಿ ಮ್ಯಾಲ ಇರ್ತದ, ಕವರ್ ಮ್ಯಾಲ ಬ್ಯಾರೆ ಹೆಸರಿರಲಿ" ಎಂದು ಸೊಸೆಯೇ ಒಪ್ಪಿಸಿದಳು.

ಹೆಜ್ಜೆ 2: ಹುಡುಕಿ, ನಾಲ್ಕೂ ಭಾಷೆಯಲ್ಲಿ ಹುಡುಕಿ

ಈ ಹೆಜ್ಜೆಗೆ ಖರ್ಚಿಲ್ಲ. ಇದನ್ನು ಬಿಟ್ಟು ಮುಂದೆ ಹೋದವರೇ ಆಮೇಲೆ ಹೆಚ್ಚು ಕಳೆದುಕೊಳ್ಳುತ್ತಾರೆ. ಟ್ರೇಡ್‌ಮಾರ್ಕ್ ನೋಂದಾಯಿಸುವ ಸರ್ಕಾರಿ ಕಚೇರಿಯ 'ಐಪಿ ಇಂಡಿಯಾ' ಜಾಲತಾಣದಲ್ಲಿ ಟ್ರೇಡ್‌ಮಾರ್ಕ್‌ಗಳ ಸಾರ್ವಜನಿಕ ಹುಡುಕಾಟ ಉಚಿತ. ಅಲ್ಲಿ ಪದದ ಮೂಲಕವೂ ಹುಡುಕಬಹುದು, ಉಚ್ಚಾರದ ಮೂಲಕವೂ ಹುಡುಕಬಹುದು. ಎರಡನ್ನೂ ಮಾಡಿ. ಕಾನೂನು ನೋಡುವುದು ಅಕ್ಷರ ಒಂದೇ ಇದೆಯೇ ಎಂದಲ್ಲ. ಸಾಮಾನ್ಯ ಗಿರಾಕಿ ಕೇಳಿದಾಗ, ನೋಡಿದಾಗ ಗೊಂದಲಕ್ಕೆ ಬೀಳುತ್ತಾನೆಯೇ ಎಂದು.

ಚಿಗವ್ವನ ಮನೆಯಲ್ಲಿ ಮೊದಲು ಎಲ್ಲರೂ ಒಪ್ಪಿದ ಹೆಸರು 'ತಟಪಟ'. ರೊಟ್ಟಿ ಬಡಿಯುವ ಸದ್ದು. ಕನ್ನಡದಲ್ಲಿ ಎಷ್ಟು ಚಂದ! ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿದೆ. ಮೊದಲ ನಾಲ್ಕು ಅಕ್ಷರ ನೇರವಾಗಿ 'ಟಾಟಾ' ಎಂದೇ ಓದಿಸಿಕೊಂಡವು. ಉಪ್ಪು, ಚಹಾ, ಬೇಳೆ ಮಾರುವ ಮನೆತನದ ಹೆಸರು ಅದು. ಹೀಗೆ ದೇಶಕ್ಕೆಲ್ಲ ಗೊತ್ತಿರುವ ಗುರುತುಗಳಿಗೆ ಕಾಯ್ದೆ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಅವರು ಮಾರದ ಸರಕಿನ ಮೇಲೂ ಆ ಹೆಸರು ಬಳಸಿದರೆ ತಕರಾರು ತೆಗೆಯಬಹುದು. ಮೂರು ಹೆಂಗಸರು ರೊಟ್ಟಿ ಬಡಿಯುವ ಮನೆಗೆ ಆ ಜಗಳ ಬೇಡವೆಂದು ಕೈಬಿಟ್ಟೆವು. ಕಡೆಗೆ ನಿಂತದ್ದು 'ಚಿಗವ್ವನ ಬುಟ್ಟಿ'.

ನಮ್ಮ ಗಡಿ ಜಿಲ್ಲೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಳ್ಳಾರಿಯ ಗಿರಾಕಿ ಅರ್ಧ ತೆಲುಗು ಮಾತನಾಡುತ್ತಾನೆ, ರಾಯಚೂರಿನ ಪೇಟೆಯಲ್ಲಿ ಉರ್ದು, ತೆಲುಗು ಎರಡೂ ನಡೆಯುತ್ತವೆ. ಹೆಸರನ್ನು ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಉಚ್ಚಾರಗಳಲ್ಲಿ ಜೋರಾಗಿ ಹೇಳಿ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ 'ಅ'ಕ್ಕೆ ಒಂದು ಅಕ್ಷರವೋ ಎರಡೋ, 'ಥ'ವೋ 'ತ'ವೋ ಎಂಬ ಎಲ್ಲ ಬಗೆಗಳನ್ನೂ ಹುಡುಕಾಟದಲ್ಲಿ ಹಾಕಿ. ಆಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅದೇ ಹೆಸರಿನ ಕಂಪನಿ ಇದೆಯೇ ನೋಡಿ. ಆನ್‌ಲೈನ್ ಮಾರಾಟ ತಾಣ, ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್‌ಗಳನ್ನೂ ನೋಡಿ. ನೋಂದಣಿ ಇಲ್ಲದೆಯೂ ಹಲವು ವರ್ಷ ಹೆಸರು ಬಳಸಿದವನಿಗೆ ಕಾನೂನಿನಲ್ಲಿ ಬಲವಿದೆ. ನಿಮಗಿಂತ ಮೊದಲಿನಿಂದ ಬಳಸುತ್ತಿರುವವನನ್ನು ನಿಮ್ಮ ಸರ್ಟಿಫಿಕೇಟು ಎಬ್ಬಿಸಲಾರದು.

ಒಂದೇ ಬಗೆಯ ಹೆಸರು ಎರಡು ಕಡೆ ಬದುಕಬಹುದೇ? ಬದುಕಬಹುದು. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಹಾಲು ಮಹಾಮಂಡಳಿಯ 'ನಂದಿನಿ' 1985ರಿಂದ ಬಳಕೆಯಲ್ಲಿದೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲ್ 1989ರಿಂದ. ಹೋಟೆಲಿನವರ ಇಂಗ್ಲಿಷ್ ಬರಹದಲ್ಲಿ ಒಂದಕ್ಷರ ಹೆಚ್ಚು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಹೋಟೆಲಿನ ಪರ ತೀರ್ಪು ಬಂತು: ಸರಕು ಬೇರೆ, ಗುರುತಿನ ಚಿತ್ರ ಬೇರೆ, ಗಿರಾಕಿಗೆ ಗೊಂದಲ ಆಗುವಂತಿಲ್ಲ. ಹಾಲು ಮತ್ತು ಹಾಲಿನ ಉತ್ಪನ್ನಕ್ಕೆ ಮಾತ್ರ ಹೋಟೆಲಿನವರು ಆ ಹೆಸರು ಬಳಸುವಂತಿಲ್ಲ. ಗೆದ್ದರು ನಿಜ, ಆದರೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದರು. ಅಷ್ಟು ದೂರ ಹೋಗುವ ಶಕ್ತಿ ಸಣ್ಣ ವ್ಯಾಪಾರಿಗಿಲ್ಲ.

ಹೆಜ್ಜೆ 3: ಕಾಗುಣಿತವನ್ನು ಒಂದು ಹಾಳೆಯಲ್ಲಿ ಗಟ್ಟಿ ಮಾಡಿ

ಇದನ್ನು ಯಾವ ಸರ್ಕಾರಿ ಸೂಚನೆಯಲ್ಲೂ ಬರೆದಿರುವುದಿಲ್ಲ, ನನ್ನ ಅನುಭವದ ಮಾತು. ಒಂದು ಬಿಳಿ ಹಾಳೆ ತೆಗೆದುಕೊಂಡು ಐದು ಸಾಲು ಬರೆಯಿರಿ: ಹೆಸರು ಕನ್ನಡದಲ್ಲಿ, ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮಾಲೀಕರ ಹೆಸರು ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೆಯೇ, ಪೂರ್ತಿ ವಿಳಾಸ ಪಿನ್‌ಕೋಡ್ ಸಮೇತ, ವ್ಯಾಪಾರ ಶುರುವಾದ ದಿನಾಂಕ. ಮುಂದೆ ಯಾವ ಅರ್ಜಿ ತುಂಬಿದರೂ ಈ ಹಾಳೆ ನೋಡಿ ಅಕ್ಷರಕ್ಕೆ ಅಕ್ಷರ ಅದನ್ನೇ ತುಂಬಿ. ಸೈಬರ್ ಸೆಂಟರಿನ ಹುಡುಗನಿಗೆ ಬಾಯಲ್ಲಿ ಹೇಳಬೇಡಿ, ಹಾಳೆಯನ್ನೇ ಕೈಗೆ ಕೊಡಿ. ಒಂದು ಕಡೆ 'ಟ್ರೇಡರ್ಸ್', ಇನ್ನೊಂದು ಕಡೆ 'ಟ್ರೇಡಿಂಗ್' ಆದರೆ ಬ್ಯಾಂಕಿನವರು ಎರಡು ಬೇರೆ ಸಂಸ್ಥೆ ಎನ್ನುತ್ತಾರೆ, ಅವರ ಮಾತೂ ಸರಿಯೇ. ನಮ್ಮೂರಿನದೇ ನೋಡಿ: 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ 'ಬಳ್ಳಾರಿ' ಆಯಿತು, ಆದರೂ ಹಳೆಯ ಕಾಗದಗಳಲ್ಲಿ ಇನ್ನೂ ಹಿಂದಿನ ಕಾಗುಣಿತವೇ ಇದೆ. ವಿಳಾಸದ ಪುರಾವೆ ಕೊಡುವಾಗ ಇಂಥದ್ದನ್ನೂ ಹೊಂದಿಸಿ ನೋಡಿ.

ಹೆಜ್ಜೆ 4: ಹೆಸರಿಗೆ ಕಾಗದ ಹುಟ್ಟಿಸಿ

ಮೊದಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ನಡೆಯುತ್ತಿರುವ ವ್ಯವಸ್ಥೆ. ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅರ್ಜಿಯಲ್ಲಿ ಉದ್ದಿಮೆಯ ಹೆಸರಿಗೆ ಪ್ರತ್ಯೇಕ ಜಾಗ ಇದೆ. ಸರ್ಕಾರದ ತಾಣದಲ್ಲಿ ಇದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಮೇಲೆ ಬರುತ್ತವೆ, ದುಡ್ಡು ಕೇಳುತ್ತವೆ. ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇದೆಯೇ ನೋಡಿಕೊಳ್ಳಿ.

ಎರಡನೆಯದು ಕಾರ್ಮಿಕ ಇಲಾಖೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವ್ಯಾಪಾರ ಶುರುವಾದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. 'ಇ-ಕಾರ್ಮಿಕ' ತಾಣದಲ್ಲಿ ಆಗುತ್ತದೆ. ಶುಲ್ಕ ಕೆಲಸಗಾರರ ಸಂಖ್ಯೆಯ ಮೇಲೆ.

ಮೂರನೆಯದು ಟ್ರೇಡ್ ಲೈಸೆನ್ಸ್: ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಕೊಪ್ಪಳ, ಗಂಗಾವತಿಯಲ್ಲಿ ನಗರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಬಾಡಿಗೆ ಮಳಿಗೆಯಾದರೆ ಕರಾರು ಪತ್ರ, ಆಸ್ತಿ ತೆರಿಗೆ ಕಟ್ಟಿದ ರಸೀದಿ ಕೇಳುತ್ತಾರೆ. ಮಾಲೀಕ ತೆರಿಗೆ ಬಾಕಿ ಇಟ್ಟಿದ್ದರೆ ನಿಮ್ಮ ಲೈಸೆನ್ಸು ಅಲ್ಲೇ ನಿಲ್ಲುತ್ತದೆ, ಹಾಗಾಗಿ ಮಳಿಗೆ ಹಿಡಿಯುವಾಗಲೇ ರಸೀದಿ ಕೇಳಿ ನೋಡಿ.

ಆಹಾರ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ 14 ಅಂಕಿಯ ಸಂಖ್ಯೆಯನ್ನು ಕವರಿನ ಮೇಲೆ ಹಾಕಲೇಬೇಕು.

ಜಿಎಸ್‌ಟಿ ಎಲ್ಲರಿಗೂ ಕಡ್ಡಾಯವಲ್ಲ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷದ ವಹಿವಾಟು ದಾಟಿದ ಮೇಲೆ ಬೇಕು. ಆದರೆ ನಮ್ಮ ಜಿಲ್ಲೆಗಳವರು ಒಂದು ವಿಷಯ ಮರೆಯುತ್ತಾರೆ: ತೆರಿಗೆ ಬೀಳುವ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ, ಕೆಲವು ವಿನಾಯಿತಿ ಬಿಟ್ಟರೆ, ನೋಂದಣಿ ಬೇಕು. ಬಳ್ಳಾರಿಯಿಂದ ಆದೋನಿ, ರಾಯದುರ್ಗ, ರಾಯಚೂರಿನಿಂದ ಗದ್ವಾಲ ನಮಗೆ ಪಕ್ಕದ ಊರು, ಕಾನೂನಿಗೆ ಪರರಾಜ್ಯ. ಅರ್ಜಿಯಲ್ಲಿ 'ಲೀಗಲ್ ನೇಮ್' ಎಂದರೆ ಪ್ಯಾನ್‌ನಲ್ಲಿರುವ ನಿಮ್ಮ ಹೆಸರು, 'ಟ್ರೇಡ್ ನೇಮ್' ಎಂದರೆ ಅಂಗಡಿ ಹೆಸರು. ಇದನ್ನು ಅದಲುಬದಲು ತುಂಬಿದವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಸಿಕ್ಕ ಮೇಲೆ ಜಿಎಸ್‌ಟಿ ಸಂಖ್ಯೆಯನ್ನು ನಾಮಫಲಕದಲ್ಲಿ ಹಾಕಬೇಕು, ಸರ್ಟಿಫಿಕೇಟನ್ನು ಅಂಗಡಿಯೊಳಗೆ ಕಾಣುವಂತೆ ತೂಗುಹಾಕಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ಅಂಗಡಿಗಳಿಗೆ ನೋಟಿಸ್ ಹೋದ ಮೇಲೆ ಹೆಸರು ಹಾಕಿಸಲೇ ಹೆದರುವವರಿದ್ದಾರೆ. ಹೆಸರು ಮುಚ್ಚಿಟ್ಟರೂ ಖಾತೆಯ ಲೆಕ್ಕ ಮುಚ್ಚುವುದಿಲ್ಲ.

ಈಗ ಬ್ಯಾಂಕಿಗೆ ಹೋಗಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪ್ರೊಪ್ರೈಟರ್ ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯಲು ಆ ಹೆಸರಿರುವ ಎರಡು ದಾಖಲೆ ಸಾಕು: ಉದ್ಯಮ್, ಅಂಗಡಿ ನೋಂದಣಿ, ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ಇಂಥವುಗಳಲ್ಲಿ ಯಾವುದಾದರೂ ಎರಡು. ಎರಡು ಸಿಗದಿದ್ದರೆ, ಸ್ಥಳಕ್ಕೆ ಬಂದು ಪರಿಶೀಲಿಸಿ ಒಂದನ್ನೇ ಒಪ್ಪುವ ಅಧಿಕಾರವೂ ಬ್ಯಾಂಕಿಗಿದೆ. ಚಿಗವ್ವನ ಹೊಸ ಕರೆಂಟ್ ಅಕೌಂಟು ಉದ್ಯಮ್ ಮತ್ತು ಎಫ್‌ಎಸ್‌ಎಸ್‌ಎಐ ಕಾಗದದ ಮೇಲೆ ತೆರೆಯಿತು. ಹಳೆಯ ಚೆಕ್ಕನ್ನು ಮಾತ್ರ ಗುತ್ತಿಗೆದಾರರಿಗೆ ವಾಪಸ್ ಕೊಟ್ಟು, ಅವಳ ಸ್ವಂತ ಹೆಸರಿಗೆ ಬೇರೆ ಬರೆಸಿಕೊಳ್ಳಬೇಕಾಯಿತು.

ಇಬ್ಬರಿದ್ದರೆ, ಕಂಪನಿಯಾದರೆ

ಪಾಲುದಾರಿಕೆಯಾದರೆ ಕರಾರು ಪತ್ರ ಮಾಡಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿ ಇಲ್ಲದ ಸಂಸ್ಥೆ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಕರಾರಿನಲ್ಲಿ ಒಂದು ಸಾಲನ್ನು ತಪ್ಪದೆ ಬರೆಸಿ: ಬೇರೆಯಾದರೆ ಹೆಸರು ಯಾರಿಗೆ? ನನಗೆ ಗೊತ್ತಿರುವ ಅಣ್ಣತಮ್ಮಂದಿರಿಬ್ಬರು ಬಟ್ಟೆ ಅಂಗಡಿ ಹಂಚಿಕೊಂಡರು. ಬೀರು, ಬಾಕಿ, ದಾಸ್ತಾನು ಎಲ್ಲ ಪಾಲಾಯಿತು, ಹೆಸರು ಪಾಲಾಗಲಿಲ್ಲ. ಈಗ ಎದುರುಬದುರು ಎರಡು ಬೋರ್ಡು: ಒಂದರ ಮೇಲೆ 'ಹಳೇ', ಇನ್ನೊಂದರ ಮೇಲೆ 'ಒರಿಜಿನಲ್'.

ಪ್ರೈವೇಟ್ ಲಿಮಿಟೆಡ್ ಮಾಡುವವರು 'ಸ್ಪೈಸ್ ಪ್ಲಸ್' ಅರ್ಜಿಯ ಮೊದಲ ಭಾಗದಲ್ಲಿ ₹1,000 ಕಟ್ಟಿ ಹೆಸರು ಕಾಯ್ದಿರಿಸಬಹುದು. ಒಪ್ಪಿಗೆಯಾದರೆ 20 ದಿನ ಆ ಹೆಸರು ನಿಮ್ಮದಾಗಿರುತ್ತದೆ, ಅಷ್ಟರಲ್ಲಿ ಕಂಪನಿ ನೋಂದಣಿಯ ಅರ್ಜಿ ಹಾಕಬೇಕು. ಕಂಪನಿ ಹೆಸರು ಸಿಕ್ಕಿತೆಂದರೆ ಟ್ರೇಡ್‌ಮಾರ್ಕ್ ಸಿಕ್ಕಿತು ಎಂದಲ್ಲ.

ಹೆಜ್ಜೆ 5: ಟ್ರೇಡ್‌ಮಾರ್ಕ್ ಅರ್ಜಿ

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಚೆನ್ನೈಗೆ ಹೋಗಬೇಕಾಗಿಲ್ಲ. 'ಟಿಎಂ-ಎ' ನಮೂನೆಯನ್ನು ಆನ್‌ಲೈನ್ ತುಂಬಿದರೆ ಒಬ್ಬ ವ್ಯಕ್ತಿಗೆ, ಸಣ್ಣ ಉದ್ದಿಮೆಗೆ, ಸ್ಟಾರ್ಟಪ್‌ಗೆ ಪ್ರತಿ ವರ್ಗಕ್ಕೆ (ಅಂದರೆ ಸರಕು, ಸೇವೆಗಳ ಒಂದೊಂದು ಗುಂಪಿಗೆ) ₹4,500. ಉಳಿದವರಿಗೆ ₹9,000. ಪಾಲುದಾರಿಕೆ ಅಥವಾ ಕಂಪನಿ ಈ ರಿಯಾಯಿತಿ ಕೇಳುವಾಗ ಉದ್ಯಮ್ ಸರ್ಟಿಫಿಕೇಟು ಪುರಾವೆಯಾಗುತ್ತದೆ. ಸ್ವಂತ ತುಂಬುವುದಾದರೆ ಡಿಜಿಟಲ್ ಸಹಿ ಬೇಕು. ವಕೀಲರು ಅಥವಾ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರ ಮೂಲಕ ಹೋದರೆ 'ಟಿಎಂ-48' ಎಂಬ ಅಧಿಕಾರ ಪತ್ರಕ್ಕೆ ಸಹಿ ಹಾಕಬೇಕು. ಅವರ ಫೀಸು ಬೇರೆ, ಸರ್ಕಾರಿ ಶುಲ್ಕ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಯಾರ ಹೆಸರಿನಲ್ಲಿ ಅರ್ಜಿ? ಇದು ಮನೆ ಮಂದಿ ಕೂತು ಮಾತಾಡಬೇಕಾದ ವಿಷಯ. ಪ್ರೊಪ್ರೈಟರ್ ಅಂಗಡಿಗೆ ಬೇರೆ ಅಸ್ತಿತ್ವ ಇಲ್ಲ, ಗುರುತಿನ ಒಡೆತನ ವ್ಯಕ್ತಿಯದು. ಚಿಗವ್ವನ ಮಗ "ನನ್ನ ಆಧಾರ್ ಹಾಕಿಬಿಡೋಣ, ಓಟಿಪಿ ನನ್ನ ಫೋನಿಗೇ ಬರ್ತದ" ಅಂದ. ಓಟಿಪಿಯ ಅನುಕೂಲಕ್ಕೆ ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆದ ಹಾಗಾಗುತ್ತದೆ ಎಂದು ಹೇಳಿ ಚಿಗವ್ವನ ಹೆಸರಿನಲ್ಲೇ ಹಾಕಿಸಿದೆ.

ಯಾವ ವರ್ಗ? ಒಟ್ಟು 45 ವರ್ಗಗಳಿವೆ, 1ರಿಂದ 34 ಸರಕು, 35ರಿಂದ 45 ಸೇವೆ. ರೊಟ್ಟಿ, ಅಕ್ಕಿ, ಮಸಾಲೆ, ಚಟ್ನಿ 30ರಲ್ಲಿ ಬರುತ್ತವೆ. ಅಡುಗೆ ಎಣ್ಣೆ, ಹಾಲು, ಉಪ್ಪಿನಕಾಯಿ 29. ಬಿತ್ತನೆ ಬೀಜ 31. ಜೀನ್ಸ್ ಮತ್ತು ಸಿದ್ಧ ಉಡುಪು 25. ಆಟಿಕೆ 28. ಖಾನಾವಳಿ, ಹೋಟೆಲು 43. ಬ್ಯೂಟಿ ಪಾರ್ಲರ್ 44. ಬೇರೆಯವರ ಸರಕು ತಂದು ಮಾರುವ ಅಂಗಡಿ 35. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಎಷ್ಟೋ ಜನ ಬೇರೆಯವರ ಲೇಬಲ್ಲಿಗೆ ಜಾಬ್‌ವರ್ಕ್ ಮಾಡುತ್ತಾರೆ. ಅದು ಹೊಲಿಗೆಯ ಸೇವೆ, 40ನೇ ವರ್ಗ. ಸ್ವಂತ ಲೇಬಲ್ ಹಚ್ಚಿ ಮಾರಲು ಶುರು ಮಾಡಿದ ದಿನ 25 ಬೇಕಾಗುತ್ತದೆ. ವರ್ಗ ತಪ್ಪಿದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ, ಆದರೆ ಅದಕ್ಕೆ ಹೆದರಿ ನಾಲ್ಕೈದು ವರ್ಗಕ್ಕೆ ದುಡ್ಡು ಸುರಿಯಬೇಡಿ. ಇವತ್ತು ಏನು ಮಾರುತ್ತೀರೋ ಅದಕ್ಕೆ, ಹೆಚ್ಚೆಂದರೆ ಬರುವ ವರ್ಷ ಖಂಡಿತ ಮಾರುವುದಕ್ಕೆ. ನೋಂದಣಿಯಾದ ಮೇಲೆ ಐದು ವರ್ಷ, ಮೇಲೆ ಮೂರು ತಿಂಗಳು ಬಳಸದೆ ಬಿಟ್ಟರೆ ಬೇರೆಯವರು ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು.

ಪದವೋ ಚಿತ್ರವೋ? ಬರೀ ಪದವನ್ನು ನೋಂದಾಯಿಸಿದರೆ ಯಾವ ಅಕ್ಷರ ವಿನ್ಯಾಸದಲ್ಲಿ ಬರೆದರೂ ರಕ್ಷಣೆ ಇರುತ್ತದೆ. ಹೆಸರು ದುರ್ಬಲವಾಗಿದ್ದರೆ ಏಜೆಂಟರು "ಲೋಗೊ ಜೊತೆ ಹಾಕೋಣ, ಪಾಸಾಗುತ್ತದೆ" ಎನ್ನುತ್ತಾರೆ. ಪಾಸಾಗಬಹುದು, ಆದರೆ ಆಗ ಹಕ್ಕು ಸಿಗುವುದು ಒಟ್ಟು ಚಿತ್ರಕ್ಕೆ, ಅದರೊಳಗಿನ ಸಾಮಾನ್ಯ ಪದಕ್ಕಲ್ಲ. ಗಟ್ಟಿ ಹೆಸರಿದ್ದರೆ ಮೊದಲು ಪದಕ್ಕೇ ಹಾಕಿ.

ಕನ್ನಡ ಲಿಪಿಯಲ್ಲಿ ಹಾಕುವವರು ಗಮನಿಸಿ: 2017ರ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ ಹೆಸರಿನ ಪ್ರತಿ ಪದದ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದು, ಭಾಷೆ ಯಾವುದೆಂದು ತಿಳಿಸಬೇಕು. 'ಚಿಗವ್ವ' ಎಂದರೆ ಏನು ಎಂದು ಚೆನ್ನೈನ ಅಧಿಕಾರಿಗೆ ತಿಳಿಯುವಂತೆ ಬರೆಯಲು ನನಗೆ ಒಂದು ಸಂಜೆ ಹಿಡಿಯಿತು. 'ತಾಯಿಯ ತಂಗಿ' ಎಂದು ಬರೆದೆವು. "ಅಷ್ಟ ಏನು? ಊರಿಗೆಲ್ಲ ನಾ ಚಿಗವ್ವನ" ಎಂದು ಅವಳ ತಕರಾರು.

ಮುಂದಿನ ಕಾಲಂ ಬಳಕೆ ಶುರುವಾದ ದಿನಾಂಕ. ಇನ್ನೂ ಬಳಸಿಲ್ಲವಾದರೆ 'ಬಳಸಲು ಉದ್ದೇಶಿಸಿದೆ' ಎಂದಿರುವುದನ್ನು ಆರಿಸಿ. ಈಗಾಗಲೇ ಬಳಸುತ್ತಿದ್ದರೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮತ್ತು ಪುರಾವೆ ಕೊಡಬೇಕು. ಪುರಾವೆ ಎಂದರೆ ದೊಡ್ಡದೇನಲ್ಲ: ಹಳೆಯ ಬಿಲ್ ಪುಸ್ತಕದ ಮೊದಲ ಹಾಳೆ, ಕವರ್ ಪ್ರಿಂಟ್ ಮಾಡಿಸಿದ ಪ್ರೆಸ್ಸಿನ ರಸೀದಿ, ಬೋರ್ಡು ಬರೆದ ಪೇಂಟರ್ ಕೊಟ್ಟ ಚೀಟಿ, ದಿನಾಂಕ ಕಾಣುವ ಫೋಟೊ. ಇವನ್ನು ರದ್ದಿಗೆ ಹಾಕಬೇಡಿ. ದಿನಾಂಕವನ್ನು ಹಿಂದಕ್ಕೆ ಎಳೆಯುವ ಆಸೆಯೂ ಬೇಡ; ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಹೆಜ್ಜೆ 6: ಅರ್ಜಿ ಹಾಕಿದ ಮೇಲೆ

ಅರ್ಜಿ ಸಂಖ್ಯೆ ಬಂದ ದಿನದಿಂದ ಹೆಸರಿನ ಪಕ್ಕ ಸಣ್ಣದಾಗಿ 'ಟಿಎಂ' ಹಾಕಬಹುದು. ವೃತ್ತದೊಳಗಿನ 'ಆರ್' ಗುರುತು ನೋಂದಣಿ ಆದ ಮೇಲೆ ಮಾತ್ರ. ಮೊದಲೇ ಹಾಕಿದರೆ ಕಾನೂನು ಪ್ರಕಾರ ತಪ್ಪು.

ತಾಣದಲ್ಲಿ ಸ್ಥಿತಿ ನೋಡುತ್ತಿರಿ. 'ಫಾರ್ಮಾಲಿಟೀಸ್ ಚೆಕ್ ಪಾಸ್', ಆಮೇಲೆ 'ಮಾರ್ಕ್ಡ್ ಫಾರ್ ಎಕ್ಸಾಮ್', ಆಮೇಲೆ ಪರಿಶೀಲನಾ ವರದಿ. 'ಆಬ್ಜೆಕ್ಟೆಡ್' ಎಂದು ಕಂಡರೆ ಎದೆ ಒಡೆದುಕೊಳ್ಳಬೇಡಿ. ಅದು ಅಧಿಕಾರಿಯ ಆಕ್ಷೇಪಣೆ, ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಉತ್ತರ ಸಾಲದಿದ್ದರೆ ವಿಚಾರಣೆ ಇರುತ್ತದೆ, ವಿಡಿಯೊ ಮೂಲಕವೇ ನಡೆಯುತ್ತದೆ. 'ಅಪೋಸ್ಡ್' ಎಂದರೆ ಬೇರೆಯೇ ಸಂಗತಿ: ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಹೊರಗಿನವರು ವಿರೋಧ ಸಲ್ಲಿಸಿದ್ದಾರೆ. ಅದರ ಪ್ರತಿ ಸಿಕ್ಕ ಎರಡು ತಿಂಗಳೊಳಗೆ ಪ್ರತಿ ಹೇಳಿಕೆ ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ. ಈ ಹಂತಕ್ಕೆ ಬಂದರೆ ನನ್ನಂಥವನಲ್ಲ, ವಕೀಲರು ಬೇಕು. ಪತ್ರಗಳೆಲ್ಲ ಇಮೇಲ್‌ಗೆ ಬರುವುದರಿಂದ ಅರ್ಜಿಯಲ್ಲಿ ಸೈಬರ್ ಸೆಂಟರಿನವರ ಇಮೇಲ್ ಹಾಕಿಸಬೇಡಿ. ಗಡುವು ಮೀರಿ ಅರ್ಜಿ ಸತ್ತಮೇಲೆ ಗೊತ್ತಾದವರಿದ್ದಾರೆ.

ಇದೇ ಸಮಯದಲ್ಲಿ 'ಅಂತಾರಾಷ್ಟ್ರೀಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಸೇರಿಸುತ್ತೇವೆ, ಇಷ್ಟು ಕಟ್ಟಿ' ಎಂಬ ಪತ್ರಗಳೂ ಬರಬಹುದು. ಕಟ್ಟಬೇಡಿ. ಜರ್ನಲ್ ನೋಡಿ ವಿಳಾಸ ಎತ್ತಿಕೊಂಡು ಕಳಿಸುವ ವಂಚನೆ ಅದು.

ಯಾರೂ ವಿರೋಧಿಸದಿದ್ದರೆ ಸರ್ಟಿಫಿಕೇಟು ಬರುತ್ತದೆ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಅವಧಿ 10 ವರ್ಷ. ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಣ, ಆನ್‌ಲೈನ್‌ನಲ್ಲಿ ಪ್ರತಿ ವರ್ಗಕ್ಕೆ ₹9,000. ಇನ್ನೊಂದು ಲಾಭವಿದೆ. ನೋಂದಾಯಿತ ಹೆಸರನ್ನು ಯಾರಾದರೂ ನಕಲು ಮಾಡಿದರೆ, ನಕಲು ಮಾಡಿದವನು ಬೆಳಗಾವಿಯಲ್ಲಿದ್ದರೂ ನೀವು ನಿಮ್ಮದೇ ಜಿಲ್ಲೆಯ ನ್ಯಾಯಾಲಯದಲ್ಲಿ ದಾವೆ ಹೂಡಬಹುದು.

ಬೋರ್ಡು ಮತ್ತು ಕವರು

ಈಗ ಪೇಂಟರನ್ನು ಕರೆಯಿರಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ನೋಂದಾಯಿಸಿದ ಕನ್ನಡ ಕಾಗುಣಿತವನ್ನೇ ಬರೆಸಿ. ಪ್ಯಾಕೆಟ್ ಮಾಡಿ ಮಾರುವವರ ಕವರಿನಲ್ಲಿ ಹೆಸರಿನ ಜೊತೆ ತಯಾರಕರ ವಿಳಾಸ, ತೂಕ, ಎಂಆರ್‌ಪಿ, ತಯಾರಾದ ತಿಂಗಳು-ವರ್ಷ, ದೂರು ಹೇಳಿಕೊಳ್ಳಲು ಫೋನ್ ಸಂಖ್ಯೆ ಇರಲೇಬೇಕು. ಮೊದಲ ಸಲ ಐನೂರರಷ್ಟೇ ಪ್ರಿಂಟ್ ಮಾಡಿಸಿ. ತಪ್ಪು ಕಂಡರೆ ಐನೂರರಲ್ಲೇ ಮುಗಿಯುತ್ತದೆ.

ಚಿಗವ್ವನ ಅರ್ಜಿ ಈಗ ಜರ್ನಲ್‌ನಲ್ಲಿ ಪ್ರಕಟವಾಗಿದೆ, ನಾಲ್ಕು ತಿಂಗಳ ಕಾಯುವಿಕೆ ನಡೆದಿದೆ. ಹಳೆಯ ಹೆಸರಿನ ಕವರುಗಳು ಇನ್ನೂ ಮೂರು ಸಾವಿರದಷ್ಟು ಉಳಿದಿವೆ. ಮೊನ್ನೆ ಕೊಪ್ಪಳಕ್ಕೆ ಹೋದಾಗ ಅವುಗಳಲ್ಲಿ ನನಗೆ ಶೇಂಗಾ ಹಿಂಡಿ ಕಟ್ಟಿಕೊಟ್ಟಳು.